ಕುಕ್ಕರಿಗೆ ಬಿಟ್ಟ ಕೊಕೇನ್

ಕೋವಿಡ್ ಮುಗಿದ ಮರುವರ್ಷ ನಾನು ಕೊಲ್ಹಾಪುರದ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಹಿರಿಯ ಕೌನ್ಸೆಲರ್ ಆಗಿದ್ದೆ. ಮಾತಾಡಿಸಿಯೇ ಯಾವ ಚಟವನ್ನಾದರೂ ಬಿಡಿಸುತ್ತೇನೆಂಬ ಜಂಬ ನನಗಿತ್ತು. ಆ ವರ್ಷ ನಮ್ಮಲ್ಲಿಗೆ ಒಂದು ಗಾಜಿನ ಬೋಗುಣಿ ಬಂತು. ಅಂದಿನಿಂದ ನನ್ನ ಹೊಟ್ಟೆ ಉರಿಯತೊಡಗಿತು.

ಬೋಗುಣಿಯ ಪದ್ಧತಿ ಸರಳವಾಗಿತ್ತು. ಕೊಕೇನ್ ಸೇದಿದರೆ ಅದರ ಅಂಶ ಎರಡು ಮೂರು ದಿನ ಮೂತ್ರದಲ್ಲಿ ಉಳಿಯುತ್ತದೆ. ಆದ್ದರಿಂದ ರೋಗಿ ಸೋಮವಾರ, ಬುಧವಾರ, ಶುಕ್ರವಾರ ಬಂದು ನಮ್ಮ ಎದುರಿಗೇ ಸ್ಯಾಂಪಲ್ ಕೊಡಬೇಕು. ಅದರಲ್ಲಿ ಪರೀಕ್ಷೆಯ ಸ್ಟ್ರಿಪ್ ಅದ್ದಿ ಐದು ನಿಮಿಷ ಕಾಯಬೇಕು. ಎರಡು ಗೆರೆ ಮೂಡಿದರೆ ಆತ ಸೇದಿಲ್ಲ. ಒಂದೇ ಮೂಡಿದರೆ ಸೇದಿದ್ದಾನೆ. ಸೇದದವನು ಬೋಗುಣಿಯಿಂದ ಚೀಟಿ ಎತ್ತಬಹುದು. ಹೆಚ್ಚಿನ ಚೀಟಿಗಳಲ್ಲಿ 'ಶಾಬ್ಬಾಸ್' ಎಂದಷ್ಟೇ ಇರುತ್ತಿತ್ತು, ಕೆಲವಕ್ಕೆ ಬಹುಮಾನವಾಗಿ ಸಾಬೂನು, ಟಿಫಿನ್ ಡಬ್ಬಿ, ಒಂದಕ್ಕೆ ಮಾತ್ರ ಕುಕ್ಕರ್.

ಸನ್ಮತಿ ಇಚಲಕರಂಜಿಯ ನೂಲಿನ ವ್ಯಾಪಾರಿ. ಗೋವಾದ ಗೆಳೆಯರಿಂದ ಅಂಟಿಸಿಕೊಂಡ ಚಟ ನನ್ನ ಎರಡು ವರ್ಷದ ಮಾತಿಗೆ ಜಗ್ಗಿರಲಿಲ್ಲ. ಬೋಗುಣಿಗೆ ಜಗ್ಗಿತು! ಪವರ್‌ಲೂಮಿನವರಿಗೆ ಲಾರಿಗಟ್ಟಲೆ ನೂಲು ಮಾರುವ ಮನುಷ್ಯ ಸಾಬೂನು ಸಿಕ್ಕರೆ ಕುಣಿದಾಡುತ್ತಿದ್ದ. ಆಗ ನಾನು ಚಪ್ಪಾಳೆ ತಟ್ಟಬೇಕೆಂಬುದು ನಿಯಮ. ಹಲ್ಲು ಕಡಿಯುತ್ತಲೇ ತಟ್ಟುತ್ತಿದ್ದೆ.

ಒಂದು ಶುಕ್ರವಾರ ಅವನಿಗೆ ಕುಕ್ಕರೇ ಬಂತು. ಸೋಮವಾರ ಮೋರೆ ಜೋತುಹಾಕಿಕೊಂಡು ಬಂದ.

"ಸುಜಾತಾ ಕುಕ್ಕರ್ ಅಂಗಳಕ್ಕ ಒಗದು ತವರಿಗೆ ಹೋಗ್ಯಾಳ್ರಿ, ಗಡಹಿಂಗ್ಲಜಕ್ಕ. ಅಕಿ ತಿರುಗಿ ಬರಲಿಲ್ಲಂದ್ರ ನಾ ಮತ್ತ ಸೇದೂದ ಖರೇ."

ನಾನು ಅವನ ಹೆಂಡತಿಗೆ ಫೋನ್ ಮಾಡಿದೆ. ಆಕೆ ಕೆಂಡಾಮಂಡಲವಾಗಿದ್ದಳು.

"ನಾಂದಣಿ ಮಠಕ್ಕ ಕರಕೊಂಡ್ಹೋಗಿ ಆಣಿ ಮಾಡಿಸಿದೆ, ಬಿಡಲಿಲ್ಲ. ಉಪಾಸ ಕುಂತೆ, ಬಿಡಲಿಲ್ಲ. ಈಗ ನಿಮ್ಮ ಕುಕ್ಕರಿಗೆ ಬಿಟ್ಟಾರ! ನಾ ಏನ ಕುಕ್ಕರಿಗಿಂತ ಕಡಿಮಿ ಆದೆನ್ರಿ?"

ಅದು ನನ್ನದೇ ಪ್ರಶ್ನೆಯಾಗಿತ್ತು. "ಒಮ್ಮೆ ಬಂದು ಆ ಬೋಗುಣಿ ಸವತಿನ್ನ ಕಣ್ಣಾರೆ ನೋಡಿ ಹೋಗ್ರಿ" ಎಂದೆ.

ಬುಧವಾರ ಬಂದಳು. ಸನ್ಮತಿ ಸ್ಯಾಂಪಲ್ ಕೊಟ್ಟ. ಸ್ಟ್ರಿಪ್ ಅದ್ದಿ ಮೂವರೂ ಮೇಜಿನ ಸುತ್ತ ಕುಳಿತೆವು. ಮೊದಲ ಗೆರೆ ಬೇಗ ಮೂಡಿತು. ಎರಡನೆಯದರ ಸುಳಿವಿಲ್ಲ. ಸನ್ಮತಿಯ ಹಣೆಯಲ್ಲಿ ಬೆವರು. ಸುಜಾತಾ ಸ್ಟ್ರಿಪ್ ಬಿಟ್ಟು ಗಂಡನನ್ನೇ ನೋಡುತ್ತಿದ್ದಳು.

"ಸೇದೀರೇನು?"

"ಇಲ್ಲ."

"ಮತ್ತ್ಯಾಕ ಇಷ್ಟ ಅಂಜಾಕತ್ತೀರಿ? ನನ್ನ ಮುಂದ ಒಂದಿನಾನೂ ಹಿಂಗ ಅಂಜಿಲ್ಲ."

"ನೀ ನಂಬತಿದ್ದಿ" ಎಂದ ಸನ್ಮತಿ. "ಮೂಗು ಸೋರಿದ್ರ ಹತ್ತಿ ಧೂಳ ಅಂತಿದ್ದೆ, ನಂಬತಿದ್ದಿ. ಈ ಸಾಹೇಬ್ರೂ ನಂಬತಿದ್ರು. ಈ ಸ್ಟ್ರಿಪ್ ಯಾರನ್ನೂ ನಂಬಂಗಿಲ್ಲ."

ಆಕೆ ತಲೆ ತಗ್ಗಿಸಿದಳು. ನನಗೂ ಗೋಡೆಯ ಕ್ಯಾಲೆಂಡರ್ ನೋಡುವ ಕೆಲಸ ಬಿತ್ತು. ಅಷ್ಟರಲ್ಲಿ ಎರಡನೆಯ ಗೆರೆ ತೆಳ್ಳಗೆ ಮೂಡಿತು.

"ಇದು ಮಸಕೈತಲ್ರಿ?" ಸುಜಾತಾ ಬಿಡಲಿಲ್ಲ.

"ಮಸಕಿದ್ರೂ ಎರಡ ಅಂದ್ರ ಎರಡ್ರಿ. ಸೇದಿಲ್ಲ" ಎಂದೆ.

ಸನ್ಮತಿ ಬೋಗುಣಿಯನ್ನು ಹೆಂಡತಿಯ ಕಡೆ ಸರಿಸಿದ. ಆಕೆ ಅನುಮಾನದಿಂದಲೇ ಕೈ ಹಾಕಿದಳು. 'ಶಾಬ್ಬಾಸ್' ಬಂತು. ಗಂಡ ಚೀಟಿಗೆ ಕೈ ಚಾಚಿದ. ಕೊಡಲಿಲ್ಲ, ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು.

"ಇದು ನಂದು. ನಿಮಗ ಭಾಳ ಬಂದಾವ."

ಅಂದು ಇಬ್ಬರೂ ಇಚಲಕರಂಜಿಯ ಬಸ್ ಹತ್ತಿದರು. ಅನ್ನ ಮಾತ್ರ ಹಳೇ ಪಾತ್ರೆಯಲ್ಲೇ, ಕುಕ್ಕರಿನಲ್ಲಿ ಬರೀ ಬೇಳೆ ಎಂದು ಆಕೆ ಷರತ್ತು ಹಾಕಿದ್ದಳಂತೆ.

ಪ್ರೀತಿಸುವವರು ನಂಬಿಬಿಡುತ್ತಾರೆ, ಅದಕ್ಕೇ ನಂಬದ ಸಾಕ್ಷಿಯೊಂದು ಬೇಕಾಗುತ್ತದೆ ಎಂದು ಈ ವೃತ್ತಿ ನನಗೆ ಕಲಿಸಿತು. ಆಮೇಲೆ ರೋಗಿಯ ಜೊತೆ ಬಂದವರಿಗೂ ಒಂದು ಚೀಟಿ ಎತ್ತಲು ಕೊಡತೊಡಗಿದೆ. ಅವರ ಚೀಟಿಗಳಲ್ಲೆಲ್ಲ 'ಶಾಬ್ಬಾಸ್' ಎಂದೇ ಬರೆಸಿದ್ದೆ. ಕೌನ್ಸೆಲರನಿಗೆ ಚೀಟಿ ಎತ್ತಲು ಮಾತ್ರ ಇವತ್ತಿನವರೆಗೂ ಯಾರೂ ಹೇಳಿಲ್ಲ.