ಮುಟ್ಟಿದ ಸೀರೆ, ಮಾರಿದ ಸೀರೆ

ಬಿ.ಎ. ಪಾಸಾಗಿ ಒಂದು ವರ್ಷ ಮನೆಯಲ್ಲೇ ಕೂತಿದ್ದೆ. ಅರ್ಜಿ ಹಾಕಿದ ಯಾವ ಕಚೇರಿಯಿಂದಲೂ ಒಂದು ಕಾರ್ಡು ಬರಲಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಕ್ಕಿದ್ದ ಅಪ್ಪನ ಎದೆ ಕೆಟ್ಟುಹೋಗಿತ್ತು. ದೀಪಾವಳಿ ಕಳೆಯುತ್ತಲೇ ಅವನನ್ನು ಕೆಲಸದಿಂದ ಬಿಡಿಸುವವರಿದ್ದರು. ಕೆಲಸ ಹೋದರೆ ಗಣಿಯವರು ಕೊಟ್ಟ ಲೈನಿನ ಮನೆಯೂ ಹೋಗುತ್ತದೆ, ಬೇರೆ ಬಾಡಿಗೆ ಮನೆ ಹಿಡಿಯಲು ನನ್ನ ದುಡಿಮೆಯೊಂದೇ ದಾರಿ. ಬಂಗಾರಪೇಟೆಯ ದೊಡ್ಡ ಜವಳಿ ಅಂಗಡಿಗೆ ಸೇಲ್ಸ್‌ಮನ್ ಬೇಕಂತೆ ಎಂದು ಕೇಳಿದ ಮಾರನೆಯ ಬೆಳಿಗ್ಗೆಯೇ ರೈಲಿಗೆ ಹೊರಟೆ.

“ಓದಿದ್ದು ಯೋಳ್ಬ್ಯಾಡ ಕಣ್ಲಾ,” ಅಂದಳು ಅಮ್ಮ, ನನ್ನ ಶರ್ಟಿನ ಕಾಲರು ಸರಿಮಾಡುತ್ತಾ. “ಎಸ್ಸೆಲ್ಸಿ ಅನ್ನು, ಸಾಕು. ಜಾಸ್ತಿ ಓದ್ದೋರ್ನ ಕಂಡ್ರೆ ಅಂಗ್ಡಿಯೋರ್ಗೆ ಆಗಾಕಿಲ್ಲ.”

“ಯೋಳೇ ಯೋಳ್ತೀನಿ. ಕದ್ಕೊಂಡು ಬಂದಿದ್ದಾ ಅದು?”

ಆ ಅಂಗಡಿ ನನಗೆ ಹೊಸದಲ್ಲ. ಅದಕ್ಕೆ ಮೂರು ಕಲ್ಲಿನ ಮೆಟ್ಟಿಲು. ಒಳಗೆ ಬಿಳಿ ಹಾಸಿನ ಗಾದಿ. ಊರಿನ ದೊಡ್ಡವರು ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂತು, ರಾಶಿ ಸೀರೆ ಬಿಡಿಸಿ ನೋಡಿ, ಒಂದೂ ಬೇಡವೆಂದು ಎದ್ದು ಹೋಗಬಹುದಿತ್ತು. ಕೂಲಿಯವರು, ನಮ್ಮ ಕೇರಿಯವರು ಮೊದಲನೇ ಮೆಟ್ಟಿಲು ದಾಟುವಂತಿರಲಿಲ್ಲ. ಅಲ್ಲಿಂದಲೇ ಬಣ್ಣ ಹೇಳಬೇಕು. ಒಳಗಿನಿಂದ ಮಡಿಕೆ ಬಿಡಿಸದ ಸೀರೆಯೊಂದು ಬಂದು ಮೆಟ್ಟಿಲ ಮೇಲೆ ಬೀಳುತ್ತದೆ. ಕೈ ತಾಗಿತೋ, ಅದು ನಿಮ್ಮದೇ. ನಾವು ಮುಟ್ಟಿದ್ದನ್ನು ಗಾದಿಯವರು ಕೊಳ್ಳುವುದಿಲ್ಲವಂತೆ. ಅಮ್ಮ ಪ್ರತಿ ಹಬ್ಬಕ್ಕೂ ಹಾಗೆಯೇ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಕಣ್ಣಿನಲ್ಲೇ ಸೀರೆ ಕೊಳ್ಳುತ್ತಿದ್ದಳು. ಮನೆಗೆ ಬಂದು ಬಿಡಿಸಿದಾಗ ಸೆರಗಿನಲ್ಲಿ ತೂತು ಕಂಡದ್ದೂ ಉಂಟು.

ನಾನು ಮೂರೂ ಮೆಟ್ಟಿಲು ಹತ್ತಿದೆ. ಪ್ಯಾಂಟು ಹಾಕಿದ್ದೆನಲ್ಲ, ಯಾರೂ ತಡೆಯಲಿಲ್ಲ.

“ಎಷ್ಟು ಓದಿದ್ದೀಯಯ್ಯಾ?” ಗಾದಿಯ ಮೇಲಿದ್ದ ಸಾಹುಕಾರರು ಕೇಳಿದರು.

“ಬಿ.ಎ.”

“ಪಾಸೋ, ಫೇಲೋ?”

“ಪಾಸು.”

ಪಕ್ಕದಲ್ಲಿದ್ದ ಹಳೆಯ ಸೇಲ್ಸ್‌ಮನ್ ನಕ್ಕ. “ಅಂಗಾದ್ರೆ ನಾವೆಲ್ಲ ಎದ್ದು ನಿಂತ್ಕೋಬೇಕಲ್ಲಪ್ಪ!”

“ಬಟ್ಟೆ ಅಳೆಯೋಕೆ ಬಿ.ಎ. ಯಾಕಯ್ಯಾ?” ಅಂದರು ಸಾಹುಕಾರರು.

“ಅಳೆಯೋಕೆ ಬೇಡ. ಓದಿರೋದನ್ನ ಓದಿಲ್ಲ ಅಂತ ಯಾಕೆ ಹೇಳ್ಲಿ?”

“ಯಾವ ಲೈನು ನಿಮ್ದು?”

ಗಣಿಯವರನ್ನು ಯಾವ ಲೈನು ಎಂದು ಕೇಳಿದರೆ ಯಾವ ಜಾತಿ ಎಂದು ಕೇಳಿದಂತೆ. ಹೇಳಿದೆ. ಸಾಹುಕಾರರ ಕಣ್ಣು ಗಾದಿಯ ಅಂಚಿಗೆ ತಾಗಿದ್ದ ನನ್ನ ಮೊಣಕಾಲಿನ ಮೇಲೆ ಬಿತ್ತು. ಮೊಣಕಾಲನ್ನು ಅಲ್ಲಿಂದ ತೆಗೆಯಲಿಲ್ಲ. ಆದರೂ ಹೋಗು ಅನ್ನಲಿಲ್ಲ. ಲೈನಿನವರ ತಮಿಳು, ಹಳ್ಳಿಯವರ ತೆಲುಗು ಎರಡೂ ಬಲ್ಲ ನನ್ನಂಥ ಆಳು ಅವರಿಗೆ ಬೇಕಾಗಿತ್ತು. “ಸರಿ. ಈಗ ಬರೋ ಗಿರಾಕಿಗೆ ಒಂದು ಸೀರೆ ಮಾರು, ನೋಡೋಣ,” ಅಂದರು.

ಬಂದವಳು ಕ್ಯಾಸಂಬಳ್ಳಿ ಕಡೆಯ ಒಬ್ಬ ಕೂಲಿ ಹೆಂಗಸು. ಖಾಲಿ ತರಕಾರಿ ಮಂಕರಿಯನ್ನು ಕೆಳಗಿಟ್ಟು ಮೊದಲನೇ ಮೆಟ್ಟಿಲಲ್ಲಿ ನಿಂತಳು. ಕೈ ಎರಡೂ ಬೆನ್ನ ಹಿಂದೆ. “ಅರಿಶಿನದ ಬಣ್ಣದ್ದು ಒಂದು ಕೊಡಿ ಸಾಮಿ,” ಅಂದಳು.

ಹಳೆಯವನು ಒಂದು ಸೀರೆ ಎಳೆದು ನನ್ನ ಕೈಗಿತ್ತು, ಎಸೆ ಎಂದು ಗದ್ದದಲ್ಲೇ ಸನ್ನೆ ಮಾಡಿದ. ನಾನು ಇನ್ನೊಂದನ್ನೂ ತೆಗೆದುಕೊಂಡು ಕೆಳಗಿಳಿದೆ. ಬಿಸಿಲಿಗೆ ಹಿಡಿದು ಎರಡರ ಮಡಿಕೆಯನ್ನೂ ಬಿಡಿಸಿದೆ.

ಆಕೆ ಹಿಂದಕ್ಕೆ ಸರಿದಳು. “ವದ್ದು ಸಾಮಿ, ಬ್ಯಾಡ! ಮುಟ್ಟಿದ್ರೆ ತಗೋಬೇಕಂತಾರೆ.”

“ಮುಟ್ಟಮ್ಮ. ಬ್ಯಾಡಾದ್ರೆ ಬುಡು.”

ಆಕೆ ಒಳಗೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಮುಟ್ಟಿದಳು. ಮುಟ್ಟಿದ ಮೇಲೆ ಆಕೆಯನ್ನು ಹಿಡಿಯುವವರಿಲ್ಲ. ಅಂಚು ಎಳೆದಳು, ಸೆರಗನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದಳು, “ಇದೇನ್ ಸಾಮಿ, ಜರಡಿ ಇದ್ದಂಗೈತೆ!” ಎಂದು ಒಂದನ್ನು ಬೈದು, ಇನ್ನೊಂದನ್ನು ಕೊಂಡುಹೋದಳು.

ಬೈಸಿಕೊಂಡ ಸೀರೆ ನನ್ನ ಕೈಯಲ್ಲಿ ಉಳಿಯಿತು. ಅಂಗಡಿ ಮಡಿಕೆಗೆ ಒಂದು ಕ್ರಮವಿದೆ, ಅದು ನನಗೆ ಬರುತ್ತಿರಲಿಲ್ಲ. ಒಳಗೆ ತಂದು ಹೇಗೆ ಮಡಚಿದರೂ ತಲೆದಿಂಬಿನ ಹಾಗೆ ಉಬ್ಬಿತು.

“ನೋಡಿ ಸಾವ್ಕಾರ್ರೆ, ಬಿ.ಎ. ಮಡಿಕೆ!” ಅಂದ ಹಳೆಯವನು.

ಸಾಹುಕಾರರು ನಗಲಿಲ್ಲ. “ವ್ಯಾಪಾರ ಮಾಡಿದೆ. ಕೆಲಸ ಕೊಡ್ತೀನಿ. ಆದ್ರೆ ಮೆಟ್ಟಿಲ ಗಿರಾಕಿಗೆ ಮಡಿಕೆ ಬಿಡಿಸೋ ಹಾಗಿಲ್ಲ. ಮುಟ್ಟಿದ ಸೀರೆ ಮಾರಿದ ಸೀರೆ. ನೀನೂ ಗಾದಿ ಕಡೆ ಬರೋದು ಬೇಡ. ಒಪ್ಪಿಗೆ ಇದ್ರೆ ನಾಳೆ ಬಾ.”

ಒಪ್ಪಿದ್ದರೆ ಅಂದೇ ಅಪ್ಪನಿಗೆ ಧೈರ್ಯ ಹೇಳಬಹುದಿತ್ತು. ಅದು ಗೊತ್ತಿದ್ದೇ ಹೇಳಿದೆ: “ಆ ಮೆಟ್ಟಿಲ ಮೇಲೆ ಪ್ರತಿ ಹಬ್ಬಕ್ಕೂ ನಮ್ಮಮ್ಮ ಕೈ ಕಟ್ಕೊಂಡು ನಿಂತಿದ್ದಾಳೆ. ಅಲ್ಲಿಗೆ ಸೀರೆ ಎಸೆಯೋಕೆ ನಾನು ಬರಲ್ಲ.”

“ಹಾಗಾದ್ರೆ ನಿನ್ನ ಬಿ.ಎ. ಕಟ್ಕೊಂಡು ಹೋಗು.”

“ಅದನ್ನ ಇಲ್ಲಿ ಬಿಟ್ಟು ಹೋಗೋಕೆ ಬಂದಿರ್ಲಿಲ್ಲ,” ಅಂದೆ.

ಮೆಟ್ಟಿಲಿಳಿದು ರಸ್ತೆಗೆ ಬಂದೆ. ರೈಲಿಗೆ ಇನ್ನೂ ಹೊತ್ತಿತ್ತು. ರಸ್ತೆಯಾಚೆ ಎದುರಿಗೇ ಒಂದು ಚಿಕ್ಕ ಜವಳಿ ಅಂಗಡಿ. ಅದರ ಮುದುಕ ಮಾಲೀಕ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದ. ನೇರ ಅವನ ಮುಂದೆ ಹೋಗಿ ನಿಂತೆ. ಬಿ.ಎ. ಪಾಸಾಗಿದ್ದೇನೆ, ಇಂಥ ಲೈನಿನವನು, ಯಾರು ಬಂದರೂ ಮಡಿಕೆ ಬಿಡಿಸಿಯೇ ತೋರಿಸುತ್ತೇನೆ, ಕೆಲಸವಿದ್ದರೆ ಹೇಳಿ ಎಂದು ಒಂದೇ ಉಸಿರಿಗೆ ಹೇಳಿದೆ.

ಮುದುಕ ಎಲೆಯಡಿಕೆ ಉಗಿದು ಬಂದ. “ಬಿಡ್ಸೋದು ಯಾರಾದ್ರೂ ಬಿಡಿಸ್ತಾರೆ. ಮಡ್ಚೋಕೆ ಬತ್ತದಾ?”

“ಬರಲ್ಲ.”

“ಕಲ್ತ್ಕೋ. ಒಳಿಕ್ ಬಾ.”

ಸಂಜೆಯವರೆಗೆ ಒಂದೇ ಸೀರೆಯನ್ನು ಮಡಚಿಸಿದ. ಮಡಿಕೆ ಒಪ್ಪುವಂತೆ ಕೂತಾಗ ದೀಪ ಹಚ್ಚಿದ್ದರು.

ಆ ದೀಪಾವಳಿಗೆ ಅಮ್ಮ ನಾನು ಕೆಲಸಕ್ಕೆ ಸೇರಿದ ಚಿಕ್ಕ ಅಂಗಡಿಗೇ ಬಂದಳು. ಬಂದು ಬಾಗಿಲ ಮೆಟ್ಟಿಲಲ್ಲೇ ನಿಂತಳು, ಕೈ ಎರಡೂ ಬೆನ್ನ ಹಿಂದೆ. ನನಗೆ ಸಿಟ್ಟು ಬಂತು. “ಒಳಿಕ್ ಬಾಮ್ಮ. ಇಲ್ಲಿ ಯಾರೂ ಏನೂ ಅನ್ನಾಕಿಲ್ಲ,” ಅಂದೆ.

“ಗೊತ್ತು ಕಣ್ಲಾ,” ಅಂದಳು. ಕುತ್ತಿಗೆ ತಿರುಗಿಸಿ ಎದುರಿನ ಮೂರು ಮೆಟ್ಟಿಲನ್ನು ನೋಡಿದಳು. ಬೆನ್ನ ಹಿಂದಿದ್ದ ಕೈಗಳನ್ನು ಮುಂದಕ್ಕೆ ತಂದಳು. “ಆಮ್ಯಾಕೆ ಬತ್ತೀನಿ. ಮೊದ್ಲು ಇಲ್ಲೇ ಅರಡು. ಆ ಅಂಗ್ಡಿಯೋರ್ಗೂ ಕಾಣ್ಲಿ.”

ಎಂಟು ಸೀರೆ ಹರಡಿಸಿದಳು. ಎಂಟನ್ನೂ ಮುಟ್ಟಿದಳು. ಒಂದೂ ಹಿಡಿಸಲಿಲ್ಲವೆಂದಳು. ನಾನು ಅಷ್ಟನ್ನೂ ಮಡಚಿಟ್ಟು ಒಂಬತ್ತನೆಯದನ್ನು ತಂದೆ.