ಹೆಣ್ಣುತೋಳ ಮತ್ತು ಡಬ್ಬಿ ಮೆಣಸಿನಕಾಯಿ

ಮೊನ್ನೆ ಬ್ಯಾಡಗಿಯ ತವರುಮನೆಗೆ ಹೋದಾಗ ಅಣ್ಣನ ಮಗಳು ತನ್ನ ಕೂಸಿಗೆ ದೃಷ್ಟಿ ತೆಗೆದು, ನಿವಾಳಿಸಿದ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ಗುಂಟೂರಿನ ಕಾಯಿ, ಕೇಳಬೇಕೆ! ಮನೆಮಂದಿಯೆಲ್ಲ ಕೆಮ್ಮಿದೆವು. ‘ಘಾಟು ಬಂತು, ಯಾರ ಕಣ್ಣೂ ತಾಗಿಲ್ಲ ಬಿಡ್ರಿ’ ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇದೇ ಮನೆಯಲ್ಲಿ ಘಾಟು ಬಾರದೇ ಹೋದ ಸಂಜೆಯೊಂದು ನೆನಪಾಯಿತು...

ಇಪ್ಪತ್ತು ವರ್ಷದ ಮೇಲಾಯಿತು. ನಾನಾಗ ಬಿ.ಎ. ಓದುತ್ತಿದ್ದೆ. ನಮ್ಮ ಮಾಳಿಗೆಯ ಕೋಣೆಯನ್ನು ಕಾಲೇಜಿನ ಇತಿಹಾಸದ ಮೇಡಂಗೆ ಬಾಡಿಗೆಗೆ ಕೊಟ್ಟಿದ್ದೆವು. ರಾಣೆಬೆನ್ನೂರಿನ ಕಡೆಯವರು, ಒಬ್ಬರೇ ಇದ್ದರು. ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿರಲಿಲ್ಲ. ಇದೆಂಥ ಹೆಂಗಸೆಂದು ಅಜ್ಜಿಗೆ ತಲೆ ಕೆಟ್ಟುಹೋಗಿತ್ತು. ಕೇಳಿದರೆ ಮೇಡಂ ‘ಅದೆಲ್ಲ ಮುಗದ ಮಾತ್ರಿ’ ಎನ್ನುತ್ತಿದ್ದರು. ಮುಗಿದದ್ದನ್ನು ಮುಗಿಯಲು ಬಿಡುವ ಜನವೇ ನಾವು?

ಇಂಗ್ಲೆಂಡಿನ ಇತಿಹಾಸ ನಮಗೊಂದು ಪೇಪರ್. ಇಸಾಬೆಲ್ಲಾ ರಾಣಿಯ ಪಾಠ ಬಂದಾಗ ಮೇಡಂ ಪುಸ್ತಕ ಮುಚ್ಚಿಟ್ಟರು. ಫ್ರಾನ್ಸಿನ ರಾಜನ ಮಗಳು, ಆಡುವ ವಯಸ್ಸಿನಲ್ಲೇ ಇಂಗ್ಲೆಂಡಿನ ರಾಜನ ಹೆಂಡತಿಯಾದಳು. ಗಂಡನಿಗೆ ಹೆಂಡತಿಗಿಂತ ಗೆಳೆಯರೇ ಹೆಚ್ಚು. ಮದುವೆಗೆ ಬಂದ ಒಡವೆಗಳೂ ಗೆಳೆಯನ ಪಾಲಾದವಂತೆ. ಮುಂದೆ ಅವಳ ಜಹಗೀರನ್ನೂ ಕಿತ್ತುಕೊಂಡರು. ಅವಳು ತವರಿಗೆ ಹೋಗಿ, ಪ್ರಿಯಕರನೊಡನೆ ದಂಡು ಕಟ್ಟಿಕೊಂಡು ಬಂದು ಗಂಡನನ್ನು ಗಾದಿಯಿಂದ ಇಳಿಸಿದಳು. ಅವನು ಸೆರೆಯಲ್ಲಿ ಸತ್ತ, ಇವಳೇ ಕೊಲ್ಲಿಸಿದಳು ಎಂದು ಜನ ಆಡಿಕೊಂಡರು. ಅವನು ಸತ್ತೇ ಇಲ್ಲ, ತಪ್ಪಿಸಿಕೊಂಡು ಸನ್ಯಾಸಿಯಾಗಿ ಬದುಕಿದ್ದ ಎನ್ನುವವರೂ ಇದ್ದಾರೆ. ಅವಳು ಸತ್ತು ಎಷ್ಟೋ ಕಾಲದ ಮೇಲೆ ಅವಳಿಗೆ ಹೆಣ್ಣುತೋಳ ಎಂಬ ಹೆಸರು ಅಂಟಿತು.

‘ಆಕಿ ಒಳ್ಳೇಕಿ ಅಂತ ನಾ ಹೇಳೂದಿಲ್ಲ. ಆದ್ರ ಒಡವಿ ಕಳಕೊಂಡದ್ದು ಯಾರಿಗೂ ನೆನಪಿಲ್ಲ, ತೋಳ ಅನ್ನೂದಷ್ಟ ನೆನಪೈತಿ’ ಎಂದರು ಮೇಡಂ. ಹಾಗೆನ್ನುವಾಗ ಅವರ ಕೈ ತಮ್ಮ ಬರಿಗೊರಳಿಗೆ ಹೋಗಿತ್ತು.

ಆ ಪಾಠವೇ ಅವರಿಗೆ ಮುಳುವಾಯಿತು. ಗಂಡನನ್ನು ಕೊಂದ ರಾಣಿಯನ್ನು ಹೊಗಳುತ್ತಾರಂತೆ ಎಂದು ಹುಡುಗಿಯರು ಮನೆಯಲ್ಲಿ ಹೇಳಿದರು. ಅಷ್ಟರಲ್ಲಿ ಮೆಣಸಿನಕಾಯಿ ಪೇಟೆಗೆ ಬಂದ, ರಾಣೆಬೆನ್ನೂರಿನ ಹತ್ತಿರದ ಮೇಡ್ಲೇರಿಯವರು ಯಾರೋ ಮತ್ತೊಂದು ಸುದ್ದಿ ತಂದರು. ಈ ಹೆಂಗಸಿನ ಗಂಡ ತುಂಗಭದ್ರೆಯಲ್ಲಿ ಮುಳುಗಿ ಸತ್ತನಂತೆ, ದೂಡಿದವಳು ಇವಳೇ ಅಂತೆ. ಅಂತೆಗೇನು ಬರಗಾಲ! ಅರಿಷಿಣ ಕುಂಕುಮಕ್ಕೆ ಕರೆಯುವುದು ನಿಂತಿತು. ಮೇಡಂ ಮೆಟ್ಟಿಲಿಳಿದು ಬಂದರೆ ನಳದ ಹತ್ತಿರದ ಮಾತು ತಟ್ಟನೆ ನಿಲ್ಲುತ್ತಿತ್ತು.

ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ. ಮೇಡಂ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. ‘ಅಂವ ಸತ್ತಿಲ್ಲ ತಂಗಿ. ಸತ್ತಿದ್ರ ನಾ ಯಾಕ ಅಂಜತಿದ್ದೆ? ನಾ ಎಲ್ಲಿ ಅದೇನಿ ಅಂತ ಅವಗ ಗೊತ್ತಾಗಬಾರದು. ಗೊತ್ತಾದ್ರ ನನ್ನ ಉಳಸೂದಿಲ್ಲ. ಯಾರ ಮುಂದೂ ಅನಬ್ಯಾಡ.’ ನಾನು ಅನ್ನಲಿಲ್ಲ. ಆದರೆ ಊರಿನ ಬಾಯಿ ಮುಚ್ಚುವುದು ನನ್ನ ಕೈಯಲ್ಲಿರಲಿಲ್ಲ.

ಆ ಚಳಿಗಾಲದಲ್ಲಿ ಅಣ್ಣನ ಕೂಸಿಗೆ ಜ್ವರ ಬಂತು. ಬೆಳಿಗ್ಗೆಯಷ್ಟೇ ಮೇಡಂ ಅದನ್ನು ಎತ್ತಿ ಆಡಿಸಿದ್ದರು. ಅಜ್ಜಿ ಕೈಗೆ ಸಿಕ್ಕ ಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಕಾಯಿ ಕಪ್ಪಾದವು, ಹೊಗೆಯೂ ಎದ್ದಿತು. ಯಾರೂ ಕೆಮ್ಮಲಿಲ್ಲ. ಎಲ್ಲರೂ ಮೆಲ್ಲಗೆ ತಲೆ ಎತ್ತಿ ಮಾಳಿಗೆಯ ಕಡೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

‘ಅಜ್ಜಿ, ಅವು ಡಬ್ಬಿ ಕಾಯಿ! ಬಣ್ಣ ಬಿಟ್ರ ಅದರಾಗ ಖಾರ ಎಲ್ಲೈತಿ?’ ಎಂದು ಕೂಗಿದೆ. ಮೆಣಸಿನಕಾಯಿ ಮಾರಿಯೇ ಉಂಡ ಮನೆತನ ನಮ್ಮದು. ಕಾಯಿ ಮೂಸಿಯೇ ಅದರ ಜಾತಿ ಹೇಳುತ್ತಿದ್ದವಳು ಅಜ್ಜಿ. ಆ ಸಂಜೆ ಮಾತ್ರ ಅವಳಿಗೆ ಏನೂ ತಿಳಿಯಲಿಲ್ಲ.

‘ಬಾಯಿ ಮುಚ್ಚ, ಭಾಳ ಓದೀದಿ’ ಎಂದಳು.

ಮರುದಿನವೇ ಅಪ್ಪ ಕೋಣೆ ಖಾಲಿ ಮಾಡಲು ಹೇಳಿದರು. ಮೇಡಂ ಜಗಳ ಮಾಡಲಿಲ್ಲ. ಟ್ರಂಕು ಹಿಡಿದು ಅಂಗಳದಲ್ಲಿ ನಿಂತು ‘ಕೂಸಿನ ಜ್ವರ ಇಳೀತಿಲ್ಲೋ?’ ಎಂದು ಕೇಳಿದರು. ಜ್ವರ ಇಳಿದಿತ್ತು. ಉತ್ತರ ಕೊಟ್ಟವಳು ನಾನೊಬ್ಬಳೇ.

ಕೆಲವು ದಿನಗಳ ಮೇಲೆ ಒಬ್ಬ ಗಂಡಸು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. ಕಟ್ಟೆಯ ಮೇಲೆ ಕೂತು ಹೇಳಿದ, ‘ನನ್ನ ಕೊಂದಾಕಿ ನಿಮ್ಮ ಮನ್ಯಾಗ ಅದಾಳಂತ ಮಂದಿ ಹೇಳಿದ್ರು. ನೋಡ್ಕೊಂಡು ಹೋಗೂಣಂತ ಬಂದೆರಿ.’

ಅಜ್ಜಿ ಚಹಾ ತಂದು ಕೊಟ್ಟಳು. ನದಿಯಲ್ಲಿ ಸತ್ತವನು ನಿಧಾನವಾಗಿ ಚಹಾ ಕುಡಿದ, ಮಾಳಿಗೆಯ ಕಿಟಕಿ ನೋಡಿದ. ಮೇಡಂ ಎತ್ತ ಹೋದರೆಂದು ನಮಗೂ ತಿಳಿದಿರಲಿಲ್ಲ. ‘ಸಿಗತಾಳ ಬಿಡ್ರಿ. ಮಂದಿ ಹೇಳೇ ಹೇಳತಾರ’ ಎಂದು ನಕ್ಕು ಎದ್ದ.

ಇಷ್ಟೆಲ್ಲ ಕಣ್ಣಾರೆ ಕಂಡ ಅಜ್ಜಿ ವರುಷ ತುಂಬುವುದರೊಳಗೆ ಮತ್ತೆ ‘ಆ ಗಂಡನ್ನ ಕೊಂದಾಕಿ’ ಎಂದೇ ಶುರು ಮಾಡಿದಳು, ಸಾಯುವ ತನಕ ಬಿಡಲಿಲ್ಲ. ಮೇಡಂ ಬಗ್ಗೆ ರಾಣೆಬೆನ್ನೂರಿನಲ್ಲಿ, ಹಾವೇರಿಯಲ್ಲಿ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ.

ಮೊನ್ನೆ ಹೊಗೆ ಆರಿದ ಮೇಲೆ ಅಣ್ಣನ ಮಗಳು ಕೇಳಿದಳು. ಅಂದು ಜ್ವರ ಬಂದಿದ್ದ ಕೂಸು ಇವಳೇ. ‘ಅತ್ತಿ, ನಮ್ಮ ಮಾಳಗಿ ಮ್ಯಾಲ ಗಂಡನ್ನ ಕೊಂದಾಕಿ ಇದ್ಲಂತ, ಖರೇನ?’

‘ಸುಳ್ಳವ್ವ. ಅಂವ ಬದುಕಿದ್ದ. ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದು ಹೋಗ್ಯಾನ.’

ಅವಳು ಕೂಸನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡಿದಳು.

‘ಹಂಗಾದ್ರ ಆಕಿ ಏನಾದ್ಲು?’