ಘಟ್ಟ ಸುತ್ತಿ ಬಂದ ಸುದ್ದಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕುಮಟಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕರೆ ಬಂದರೆ ಬೋರ್ಡಿನಲ್ಲಿ ಒಂದೂರಿನ ತಂತಿಯನ್ನು ಇನ್ನೊಂದೂರಿನ ತೂತಿಗೆ ಚುಚ್ಚಿ ಕೊಡಬೇಕು. ಮೀನುಗಾರರ ಮನೆಯ ಹುಡುಗಿ ಕುರ್ಚಿಯ ಮೇಲೆ ಕೂತು ದುಡಿಯುವುದು ಅಮ್ಮನಿಗೆ ಹೆಮ್ಮೆ.

ಆ ವರ್ಷ ಮಳೆಗಾಲ ತಡವಾಯಿತೆಂದು ಅಣ್ಣನ ದೋಣಿ ಕಡಲಿಗಿಳಿಯಿತು. ಸಂಜೆಗೇ ಬಿರುಗಾಳಿ. ಮರುದಿನ ಬೆಳಿಗ್ಗೆಯಾದರೂ ದೋಣಿ ಬರಲಿಲ್ಲ. ಗಾಳಿ ದಕ್ಷಿಣಕ್ಕೆ ತಳ್ಳಿದೆ, ಭಟ್ಕಳದ ಬಂದರು ಹಿಡಿದಿರಬಹುದು ಎಂದರು ಹಿರಿಯರು. ಕೇಳೋಣವೆಂದರೆ ಹೆದ್ದಾರಿಯಲ್ಲಿ ಮರಗಳು ಬಿದ್ದು ಹೊನ್ನಾವರದ ಲೈನು ಸತ್ತಿತ್ತು. ಭಟ್ಕಳದ ಮಾತೂ ಹೊನ್ನಾವರದ ಮೇಲೆಯೇ ಹೋಗಬೇಕು.

ದೋಣಿಯವರ ಮನೆಮಂದಿಯೆಲ್ಲ ಎಕ್ಸ್‌ಚೇಂಜಿನ ಜಗುಲಿಗೆ ಬಂದು ಕೂತರು. "ಈಗ ಎಂತ ಮಾಡೂದು?" ಎಂದು ಅಮ್ಮ ಕಿಟಕಿಯಿಂದ ಕೇಳಿದಳು.

"ಶಿರಸಿ ಲೈನ್ ಇದೆಯಲ್ಲ," ಎಂದರು ನಮ್ಮ ಸೂಪರ್‌ವೈಸರ್. "ಘಟ್ಟ ಹತ್ತಿ ಇಳಿ."

ಶಿರಸಿಯ ಆಪರೇಟರನ್ನು ನಾನು ಕಂಡವಳಲ್ಲ, ಅವಳ ಹವ್ಯಕ ಮಾತಿನ ದನಿ ಮಾತ್ರ ಗೊತ್ತು. ಅವಳು ಸಾಗರದ ಎಕ್ಸ್‌ಚೇಂಜ್ ಹಿಡಿದಳು, ಸಾಗರದವರು ಭಟ್ಕಳ ಹಿಡಿದರು. ಅಷ್ಟು ದೂರ ಸುತ್ತಿದ ದನಿ ನನಗೆ ಸೊಳ್ಳೆಯ ಗುಂಯ್ ಅನ್ನುವಷ್ಟೂ ಕೇಳಿಸಲಿಲ್ಲ. ಹಾಗಾಗಿ ಒಬ್ಬರ ಮಾತನ್ನು ಇನ್ನೊಬ್ಬರು ಹೇಳುತ್ತ ಹೋದೆವು. ಭಟ್ಕಳದವರು ಬಂದರಿನ ಐಸ್ ಫ್ಯಾಕ್ಟರಿಗೆ ಫೋನ್ ಹಚ್ಚಿದರು. ಕಾದೆವು.

"ಆನು ಲೈನ್ ಬಿಡ್ತಿಲ್ಲೆ, ಹೆದರಡ," ಎಂದು ಧೈರ್ಯ ಹೇಳಿದಳು ಶಿರಸಿಯವಳು. ತುಸು ಹೊತ್ತಿಗೆ ಕೂಗಿದಳು: "ದೋಣಿ ಅಲ್ಲಿದ್ದಡ! ಯಾರಿಗೂ ಎಂತದೂ ಆಜಿಲ್ಲೆ! ನಿನ್ನ ಅಣ್ಣ ಫೋನಿನ ಹತ್ರವೇ ಇದ್ನಡ."

ಎಲ್ಲರೂ ಕ್ಷೇಮವಂತೆ ಎಂದು ಜಗುಲಿಗೆ ಕೂಗಿದೆ. ಅಮ್ಮ ನಂಬಲಿಲ್ಲ. "ಅಂವ್ನೇ ಹೌದಾ? ಹೊರಡೂ ಮುಂಚೆ ಎಂತ ತಿಂದಿದ್ದ ಕೇಳು."

ಪ್ರಶ್ನೆ ಘಟ್ಟ ಹತ್ತಿ ಇಳಿಯಿತು. ಉತ್ತರ ಬರುವಾಗ ಶಿರಸಿಯವಳಿಗೆ ನಗು ತಡೆಯಲಾಗಲಿಲ್ಲ. "ಎಂತದೂ ತಿಂದಿದ್ನಿಲ್ಲೆ. ಅಮ್ಮನ ಹತ್ರ ಜಗಳ ಮಾಡಿ ಹೊಂಟಿದ್ನಡ."

ನಾಲ್ಕೂರಿನ ಎಕ್ಸ್‌ಚೇಂಜಿಗೆ ನಮ್ಮ ಮನೆಯ ಜಗಳ ಗೊತ್ತಾಯಿತು. ಅಮ್ಮ ಕಿಟಕಿಯ ಸರಳು ಹಿಡಿದು ಅಳುತ್ತಲೇ ನಕ್ಕಳು. "ಹೌದು, ಅಂವ್ನೇ!"

ಆಮೇಲೆ ಉಳಿದವರೂ ತಮ್ಮ ತಮ್ಮವರನ್ನು ಕೇಳಿದರು. ಒಬ್ಬೊಬ್ಬರದೂ ಉತ್ತರ ಬಂತು. ಹೊತ್ತು ಬಹಳ ಆಯಿತೆಂದು ಸೂಪರ್‌ವೈಸರ್ ಒಮ್ಮೆಯೂ ಅನ್ನಲಿಲ್ಲ. ಒಲೆ ಹಚ್ಚಬೇಕೆಂದು ಹೆಂಗಸರು ಎದ್ದು ಹೋದರು.

ಆಗ ಶಿರಸಿಯವಳು ಕೇಳಿದಳು: "ಈಗ ಲೈನ್ ಬಿಡ್ಲಾ ತಂಗಿ? ಇಲ್ಲಿ ಅಡಿಕೆ ಮಂಡಿಯವು ಲೈನ್ ಸಿಗ್ತಿಲ್ಲೆ ಹೇಳಿ ಬೈತಾ ಇದ್ದ."